‘ಸ್ಟೇ ತಂದಿದ್ದಾರೆ’ ಅಂದರೆ ಏನು ತಂದಿದ್ದಾರೆ?

(ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉಳಿತಾಯದ ಲೆಕ್ಕ, ಸಾಲದ ಕಂತಿನ ಮಾತು ಎಲ್ಲ ಮುಗಿದ ಮೇಲೆ ನನಗೆ ಒಂದು ಗಂಟೆ ಕೊಟ್ಟಿದ್ದೀರಿ. ಹಾಲು ಕರೆಯುವ ಹೊತ್ತಾಗುವುದರೊಳಗೆ ಮುಗಿಸುತ್ತೇನೆ. ನಾನು ವಕೀಲೆಯಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ತರಗತಿಯಲ್ಲಿ ಮೂಲಭೂತ ಹಕ್ಕುಗಳನ್ನು ಬಾಯಿಪಾಠ ಮಾಡಿಕೊಂಡು ಹೋದ ಹುಡುಗಿಯರೇ ಮದುವೆಯಾಗಿ ಎರಡು ಮೂರು ವರ್ಷಕ್ಕೆ ಕೋರ್ಟಿನ ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆ ಬಾಗಿಲಿಗೆ ಬರತೊಡಗಿದರು. ಅವರ ಜೊತೆ ಕೂತು ಆ ಕಾಗದಗಳನ್ನು ಓದುತ್ತಾ, ತಿಳಿದ ವಕೀಲರನ್ನು ಕೇಳುತ್ತಾ ನಾನು ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ಊರುಗಳಲ್ಲಿ ಕೋರ್ಟಿನಿಂದ ಯಾವ ಕಾಗದ ಬಂದರೂ ಅದಕ್ಕೆ ಒಂದೇ ಹೆಸರು: ‘ಸ್ಟೇ’. ಅಣ್ಣ ಸ್ಟೇ ತಂದ, ಮಾವ ಸ್ಟೇ ತಂದ, ಪಕ್ಕದ ಹೊಲದವನು ಸ್ಟೇ ತಂದ. ಈ ಒಂದು ಪದ ಹೇಳಿದರೆ ಸಾಕು, ಹೆಣ್ಣುಮಕ್ಕಳ ಕೈಕಾಲು ತಣ್ಣಗಾಗುತ್ತದೆ. ಸಮನ್ಸು ಬಂದರೂ ಸ್ಟೇ, ವಕೀಲರ ನೋಟೀಸು ಬಂದರೂ ಸ್ಟೇ. ವಕೀಲರ ನೋಟೀಸಿಗೆ ಕೋರ್ಟಿನ ಗಾಳಿಯೂ ಸೋಕಿರುವುದಿಲ್ಲ. ಅದು ಅವರ ಕಡೆಯ ವಕೀಲರು ಬರೆದ ಪತ್ರ, ಅಷ್ಟೆ. ಆದ್ದರಿಂದ ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ.

ಒಂದು ಕಚೇರಿಯ ಅಥವಾ ಕೆಳಗಿನ ಕೋರ್ಟಿನ ಆದೇಶವನ್ನು ಮೇಲಿನವರು ಜಾರಿಯಾಗದಂತೆ ನಿಲ್ಲಿಸಿದರೆ ಅದು ಸ್ಟೇ. ಒಬ್ಬ ವ್ಯಕ್ತಿಗೆ ಕೋರ್ಟು ‘ಈ ಕೆಲಸ ಮಾಡಬೇಡ’ ಎಂದು ಕಟ್ಟು ಹಾಕಿದರೆ ಅದು ಇಂಜಂಕ್ಷನ್ನು. ಕೋರ್ಟಿನ ಕನ್ನಡದಲ್ಲಿ ನಿರ್ಬಂಧಕಾಜ್ಞೆ, ಪ್ರತಿಬಂಧಕಾಜ್ಞೆ ಎಂದೆಲ್ಲ ಬರೆಯುತ್ತಾರೆ. ಪತ್ರಿಕೆಗಳು ಎರಡಕ್ಕೂ ತಡೆಯಾಜ್ಞೆ ಎನ್ನುತ್ತವೆ. ನಾನೂ ಇವತ್ತು ಇಂಜಂಕ್ಷನ್ನಿಗೆ ತಡೆಯಾಜ್ಞೆ ಎಂದೇ ಕರೆಯುತ್ತೇನೆ, ನಾಲಿಗೆಗೆ ಹಗುರ. ಇನ್ನು ಗಲಾಟೆಯಾದಾಗ ನಾಲ್ಕು ಜನ ಸೇರಬಾರದು ಎಂದು ಹೊರಡಿಸುತ್ತಾರಲ್ಲ, ನಾವು 144 ಎಂದು ಕರೆಯುತ್ತಿದ್ದ ನಿಷೇಧಾಜ್ಞೆ, 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಅದು 163ನೇ ಕಲಮು. ಅದಕ್ಕೂ ನಮ್ಮ ಮಾತಿಗೂ ಸಂಬಂಧವಿಲ್ಲ.

ತಡೆಯಾಜ್ಞೆಯ ಗುಣ ಏನೆಂದರೆ, ಅದು ಆಗಿಹೋದದ್ದಕ್ಕೆ ಶಿಕ್ಷೆಯಲ್ಲ, ಆಗಲಿರುವುದಕ್ಕೆ ಅಡ್ಡಿ. ವರದಕ್ಷಿಣೆಗಾಗಿ ಹೊಡೆದರು, ಸುಟ್ಟರು ಎಂದ ಮೇಲೆ ನಡೆಯುವುದು ಕ್ರಿಮಿನಲ್ ಮೊಕದ್ದಮೆ. 1983ರಲ್ಲಿ ಬಂದ 498ಎ ಅಂಥದ್ದು; ಈಗ ಅದು ಭಾರತೀಯ ನ್ಯಾಯ ಸಂಹಿತೆಯ 85, 86ನೇ ಕಲಮು. ಅದರ ಕೆಲಸ ಅದಕ್ಕಿದೆ. ಆದರೆ ನಾಳೆ ಬೆಳಿಗ್ಗೆ ಮನೆಗೆ ಬೀಗ ಬೀಳುತ್ತದೆ, ಇನ್ನೊಂದು ವಾರಕ್ಕೆ ಮನೆಯ ಕ್ರಯಪತ್ರ ನೋಂದಣಿಯಾಗುತ್ತದೆ, ಶುಕ್ರವಾರ ಅವನಿಗೆ ಎರಡನೇ ಮದುವೆ ಎಂದು ಗೊತ್ತಾದ ಹೆಂಗಸಿಗೆ ಬೇಕಾಗುವುದು ಬೇರೆಯದೇ ಕಾಗದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಗಬಾರದು ಎಂದರೆ ಮೊದಲೇ ಹೋಗಬೇಕು. ನಮ್ಮ ಹೆಣ್ಣುಮಕ್ಕಳು ಹೋಗುವುದು ತಡ. ಹಿರಿಯರು ರಾಜಿ ಪಂಚಾಯ್ತಿ ಮಾಡುತ್ತೇವೆ ಎಂದು ಮೂರು ತಿಂಗಳು ಕೂರಿಸುತ್ತಾರೆ. ಆ ಮೂರು ತಿಂಗಳಲ್ಲಿ ಗಂಡನ ಕಡೆಯವರು ಸದ್ದಿಲ್ಲದೆ ಕೋರ್ಟಿಗೆ ಹೋಗಿ ಬಂದಿರುತ್ತಾರೆ.

ಸಿವಿಲ್ ಕೋರ್ಟಿನ ತಡೆಯಾಜ್ಞೆಗಳಿಗೆ ಆಧಾರವಾಗಿರುವುದು ಎರಡು ಕಾನೂನು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಅದರಲ್ಲಿ 39ನೇ ಆದೇಶ ಎನ್ನುವ ಭಾಗ. ಮತ್ತು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮ. ದಾವೆ ನಡೆಯುತ್ತಿರುವಾಗ ತೀರ್ಪು ಬರುವವರೆಗೆ ಇರುವುದನ್ನು ಕಾಪಾಡಲು ಕೊಡುವುದು ತಾತ್ಕಾಲಿಕ ತಡೆಯಾಜ್ಞೆ. ಸಾಕ್ಷಿ, ವಾದ ಎಲ್ಲ ಮುಗಿದ ಮೇಲೆ ಡಿಕ್ರಿಯಾಗಿ ಬರುವುದು ಶಾಶ್ವತ ತಡೆಯಾಜ್ಞೆ. ಇವೆರಡಕ್ಕೂ ಇರುವ ಅಂತರ ಒಲೆಯ ಮೇಲಿನ ಅನ್ನಕ್ಕೂ ಬಡಿಸಿದ ಅನ್ನಕ್ಕೂ ಇರುವಷ್ಟು. ತಾತ್ಕಾಲಿಕ ಆದೇಶ ಸಿಕ್ಕಿತೆಂದು ಹಬ್ಬ ಮಾಡಿ ಮುಂದಿನ ವಾಯಿದೆಗಳಿಗೆ ಹೋಗದೆ ಇದ್ದವರನ್ನು ಕಂಡಿದ್ದೇನೆ. ದಾವೆ ವಜಾ ಆದ ದಿನ ತಾತ್ಕಾಲಿಕ ಆದೇಶವೂ ಅದರ ಜೊತೆಗೇ ಹೋಗುತ್ತದೆ.

‘ಮಾಡಬೇಡ’ ಎನ್ನುವುದಷ್ಟೇ ಅಲ್ಲ, ‘ಮಾಡು’ ಎನ್ನುವ ಆದೇಶವೂ ಉಂಟು. ರಾತ್ರೋರಾತ್ರಿ ಹಾಕಿದ ಬೀಗ ತೆಗೆ, ಅಡುಗೆ ಮನೆಗೆ ಅಡ್ಡವಾಗಿ ಕಟ್ಟಿದ ಗೋಡೆ ಒಡೆ ಎಂದು ಹೇಳುವುದು. ಇದಕ್ಕೆ ಆಜ್ಞಾಪಕ ತಡೆಯಾಜ್ಞೆ ಎನ್ನುತ್ತಾರೆ. ದಾವೆ ಮುಗಿಯುವ ಮೊದಲೇ ಇಂಥದ್ದನ್ನು ಕೊಡಲು ನ್ಯಾಯಾಧೀಶರು ಹಿಂದೆಮುಂದೆ ನೋಡುತ್ತಾರೆ. 1990ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಸಾಮಾನ್ಯ ತಡೆಯಾಜ್ಞೆಗೆ ಬೇಕಾದ್ದಕ್ಕಿಂತ ಗಟ್ಟಿಯಾದ ಆಧಾರ ಇದ್ದರೆ ಕೊಡಬಹುದು, ಜಗಳ ಹುಟ್ಟುವ ಮುಂಚೆ ಕೊನೆಯದಾಗಿ ಇದ್ದ ಸ್ಥಿತಿಗೆ ಮರಳಿಸಲು ಕೊಡಬಹುದು ಎಂದು. ಜಗಳ ಹುಟ್ಟುವ ಮುಂಚಿನ ಸ್ಥಿತಿ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ನೀವು ಆ ಮನೆಯಲ್ಲಿ ಇದ್ದಿರಿ ಎನ್ನುವುದಕ್ಕೆ ಪುರಾವೆ ಬೇಕಾಗುವುದು ಆಗಲೇ. ರೇಷನ್ ಕಾರ್ಡು, ಮತದಾರರ ಚೀಟಿ, ಗ್ಯಾಸ್ ಪುಸ್ತಕ, ಮಗುವಿನ ಶಾಲಾ ದಾಖಲಾತಿಯಲ್ಲಿ ಬರೆದ ವಿಳಾಸ, ತಾಯಿ ಕಾರ್ಡು, ನಿಮ್ಮ ಸಂಘದ ಪಾಸ್‌ಬುಕ್ಕು. ಇವುಗಳ ಜೆರಾಕ್ಸ್ ಒಂದು ಪ್ರತಿ ತವರಿನಲ್ಲೋ ಗೆಳತಿಯ ಮನೆಯಲ್ಲೋ ಇರಲಿ. ಗಂಡನ ಬೀರುವಿನಲ್ಲಿಟ್ಟ ಪುರಾವೆ ಗಂಡನದೇ.

ಒಂದು ವ್ಯತ್ಯಾಸವನ್ನು ವಕೀಲರೂ ಹೇಳಲು ಮರೆಯುತ್ತಾರೆ. ‘ಮಾಡಬೇಡ’ ಎನ್ನುವ ಶಾಶ್ವತ ಡಿಕ್ರಿಯನ್ನು ಜಾರಿ ಮಾಡಿಸಲು ಕಾಲಮಿತಿಯಿಲ್ಲ. ಇಪ್ಪತ್ತು ವರ್ಷದ ಮೇಲೆ ಅವನು ಮುರಿದರೂ ಅದೇ ಡಿಕ್ರಿ ಹಿಡಿದು ಹೋಗಬಹುದು. ‘ಮಾಡು’ ಎನ್ನುವ ಡಿಕ್ರಿಗೆ ಮೂರೇ ವರ್ಷ. ಗೋಡೆ ಒಡೆಸುವ ಡಿಕ್ರಿ ತಂದು ಟ್ರಂಕಿನಲ್ಲಿಟ್ಟರೆ ಗೋಡೆ ಉಳಿಯುತ್ತದೆ, ಡಿಕ್ರಿ ಸಾಯುತ್ತದೆ.

ಇನ್ನು ನಾವು ಅತಿ ಹೆಚ್ಚು ಹೆದರಬೇಕಾದದ್ದು, ಅತಿ ಹೆಚ್ಚು ಬಳಸಿಕೊಳ್ಳಬೇಕಾದದ್ದೂ ಕೂಡ, ಏಕಪಕ್ಷೀಯ ತಡೆಯಾಜ್ಞೆ. ಎದುರು ಪಕ್ಷಕ್ಕೆ ನೋಟೀಸು ಕೊಡದೆ, ಒಬ್ಬರ ಮಾತು ಕೇಳಿ ಕೊಡುವುದು. ನೋಟೀಸು ಕೊಟ್ಟು ಕೇಳಬೇಕು ಎನ್ನುವುದೇ ನಿಯಮ. ತಡವಾದರೆ ಕೇಳುವ ಉದ್ದೇಶವೇ ಕೆಡುತ್ತದೆ ಎನ್ನಿಸಿದಾಗ ಮಾತ್ರ, ಕಾರಣ ಬರೆದು, ನ್ಯಾಯಾಧೀಶರು ಹೀಗೆ ಕೊಡಬಹುದು. ಪಡೆದವನು ಅರ್ಜಿ, ಅಫಿಡವಿಟ್ಟು, ದಾವೆಯ ನಕಲು, ದಾಖಲೆಗಳನ್ನು ಕೂಡಲೇ ಎದುರು ಪಕ್ಷಕ್ಕೆ ತಲುಪಿಸಬೇಕು ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು; ಕಳಿಸಿದ್ದೇನೆಂದು ಅದೇ ದಿನ ಅಥವಾ ಮರುದಿನ ಪ್ರಮಾಣ ಮಾಡಿ ಹೇಳಬೇಕು. ಆ ಅರ್ಜಿಯನ್ನು ಕೋರ್ಟು 30 ದಿನದೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು. ಇಷ್ಟೆಲ್ಲ ಕಟ್ಟುಗಳನ್ನು ಕಾನೂನೇ ಹಾಕಿದೆ. ಆದರೆ ನಮ್ಮ ಕಡೆ ಆಗುವುದೇನು?

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಗಂಡ ಬೇರೆ ಊರಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಇವಳು ಮಗುವಿನೊಂದಿಗೆ ಅತ್ತೆ ಮಾವನ ಮನೆಯಲ್ಲೇ ಇದ್ದಳು. ಮನೆ ಮಾವನ ಹೆಸರಿನಲ್ಲಿ. ಅದನ್ನು ಮಾರಿ ಮಗನ ವ್ಯಾಪಾರಕ್ಕೆ ಹಾಕಬೇಕೆಂಬುದು ಅವರ ಯೋಚನೆ, ಸೊಸೆ ಅಡ್ಡ. ಒಂದು ಶುಕ್ರವಾರ ಸಂಜೆ ಅಮೀನ ಬಂದು ಕಾಗದ ಕೊಟ್ಟು ಸಹಿ ಹಾಕಿಸಿಕೊಂಡು ಹೋದ. ಅವನು ಗೇಟು ದಾಟುತ್ತಿದ್ದಂತೆ ಮಾವ ಹೇಳಿದರಂತೆ: “ಕೋರ್ಟಿನ ಆರ್ಡರ್ ಆಗಿದೆಯಮ್ಮ. ನಾಳೆ ಬೆಳಿಗ್ಗೆ ಒಳಗೆ ಕಾಣಿಸಿಕೊಂಡರೆ ಪೊಲೀಸರು ಎಳೆದುಕೊಂಡು ಹೋಗುತ್ತಾರೆ.” ಅವಳು ರಾತ್ರಿಯೆಲ್ಲ ಬಟ್ಟೆ ಗಂಟು ಕಟ್ಟಿ, ಬೆಳಿಗ್ಗೆ ತವರಿನ ಬಸ್ಸು ಹತ್ತುವ ಮೊದಲು ನಮ್ಮ ಮನೆಗೆ ಬಂದಳು. ಶುಕ್ರವಾರ ಸಂಜೆಯೇ ಯಾಕೆ ಬಂದಿತೆಂದು ನಿಮಗೆ ಹೇಳಬೇಕಾಗಿಲ್ಲ. ಆ ಶನಿವಾರ, ಭಾನುವಾರ ಕೋರ್ಟಿಗೆ ರಜೆ.

ನಾನು ಕನ್ನಡಕ ಹಾಕಿಕೊಂಡು ಆದೇಶವನ್ನು ಎರಡು ಸಲ ಓದಿದೆ. ಅದರಲ್ಲಿದ್ದದ್ದು ಇಷ್ಟು: ವಾದಿಯ ಶಾಂತಿಯುತ ಸ್ವಾಧೀನಕ್ಕೆ ಪ್ರತಿವಾದಿಯು ಮುಂದಿನ ವಾಯಿದೆಯವರೆಗೆ ಅಡ್ಡಿಪಡಿಸಕೂಡದು. ಮನೆ ಬಿಡು ಎಂದು ಎಲ್ಲಿಯೂ ಇರಲಿಲ್ಲ. ಅಡ್ಡಿಪಡಿಸಬೇಡ ಎನ್ನುವುದು ಹೊರಗೆ ನಡೆ ಎನ್ನುವುದಲ್ಲ. ಒಬ್ಬರನ್ನು ಮನೆಯಿಂದ ಬಿಡಿಸಬೇಕಾದರೆ ಅದಕ್ಕೆ ಬೇರೆ ದಾವೆ, ಬೇರೆ ಡಿಕ್ರಿ, ಬೇರೆ ಅಮಲ್ಜಾರಿ ಇದೆ. ಅವಳೇನಾದರೂ ಆ ಬಸ್ಸು ಹತ್ತಿದ್ದರೆ? ಮುಂದಿನ ವಾಯಿದೆಯಲ್ಲಿ ಅವರು “ಆಕೆ ಇಲ್ಲಿ ವಾಸವೇ ಇಲ್ಲ ಸ್ವಾಮಿ” ಎನ್ನುತ್ತಿದ್ದರು, ಅದು ನಿಜವೂ ಆಗಿಬಿಡುತ್ತಿತ್ತು. ಕೋರ್ಟು ಹೊರಗೆ ಹಾಕಿರಲಿಲ್ಲ, ಕಾಗದದ ಭಯ ಹೊರಗೆ ಹಾಕುತ್ತಿತ್ತು. ಅವಳನ್ನು ಆ ದಿನವೇ ಹಿಂದಕ್ಕೆ ಕಳಿಸಿದೆವು, ಜೊತೆಯಲ್ಲಿ ಅವರ ಬೀದಿಯ ಮೂವರು ಹೆಂಗಸರು ಹೋದರು. ಯಾರ ಜೊತೆಗೂ ಜಗಳ ಬೇಡ, ನಿನ್ನ ಕೋಣೆಯಲ್ಲಿ ನೀನಿರು ಎಂದು ಹೇಳಿದೆವು. ಸೋಮವಾರ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದಳು, ಪುಕ್ಕಟೆಯಾಗಿ ವಕೀಲರು ಸಿಕ್ಕರು.

ದಾವೆಯ ನಕಲು ತೆಗೆಸಿ ನೋಡಿದರೆ, ಸೊಸೆ ಆರು ವರ್ಷದಿಂದ ಅದೇ ಮನೆಯಲ್ಲಿ ಇದ್ದಾಳೆಂಬ ಒಂದೇ ಒಂದು ಸಾಲು ಅದರಲ್ಲಿಲ್ಲ. ‘ಹೊರಗಿನ ಸ್ತ್ರೀಯೊಬ್ಬಳು ಬಂದು ತೊಂದರೆ ಕೊಡುತ್ತಿದ್ದಾಳೆ’ ಎನ್ನುವ ಹಾಗೆ ಬರೆದಿದ್ದರು. ಮುಖ್ಯವಾದ ವಿಷಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳಿ, ದಿಕ್ಕು ತಪ್ಪಿಸಿ, ನೋಟೀಸಿಲ್ಲದೆ ತಡೆಯಾಜ್ಞೆ ತಂದಿದ್ದರೆ ಅದನ್ನು ತೆರವು ಮಾಡಬೇಕೆಂದು 39ನೇ ಆದೇಶದ 4ನೇ ನಿಯಮ ಹೇಳುತ್ತದೆ. ಬೇಡವೆನ್ನುವುದಾದರೆ ಕೋರ್ಟು ಕಾರಣ ಬರೆಯಬೇಕು. ಅವಳ ವಕೀಲರು ಅದನ್ನೇ ಹಿಡಿದರು. ಮಗುವಿನ ಶಾಲೆಯ ದಾಖಲೆ, ಗ್ಯಾಸಿನ ರಸೀದಿ ಮುಂದಿಟ್ಟರು. ಎರಡು ವಾಯಿದೆಯಲ್ಲಿ ಆದೇಶ ತಿರುಗಿತು: ಕಾನೂನಿನ ಕ್ರಮವಿಲ್ಲದೆ ಆಕೆಯನ್ನು ಹೊರಹಾಕುವಂತಿಲ್ಲ.

ಆದ್ದರಿಂದ ಅಮೀನ ಬಂದರೆ ಬಾಗಿಲು ಹಾಕಿಕೊಳ್ಳಬೇಡಿ. ಕಾಗದ ತೆಗೆದುಕೊಳ್ಳಿ. ತೆಗೆದುಕೊಳ್ಳದಿದ್ದರೆ ‘ನಿರಾಕರಿಸಿದರು’ ಎಂದು ಬರೆದುಕೊಂಡು ಹೋಗುತ್ತಾನೆ, ಕೊಟ್ಟ ಹಾಗೆಯೇ ಲೆಕ್ಕ. ಸಹಿ ಹಾಕುವಾಗ ಪಕ್ಕದಲ್ಲಿ ದಿನಾಂಕವನ್ನೂ ಬರೆಯಿರಿ. ಆಮೇಲೆ ಓದಿ, ಓದಲು ಬಾರದಿದ್ದರೆ ಓದಬಲ್ಲವರಿಂದ ಓದಿಸಿ: ಯಾರಿಗೆ ಹೇಳಿದೆ, ಏನನ್ನು ಮಾಡಬಾರದು ಎಂದಿದೆ, ಯಾವ ಆಸ್ತಿಯ ಬಗ್ಗೆ, ಎಂದಿನವರೆಗೆ. ಆಸ್ತಿಯ ಚೆಕ್ಕುಬಂದಿ ಕೊನೆಯ ಪುಟದಲ್ಲಿರುತ್ತದೆ. ಹಿಂದಿನ ಖಾಲಿ ನಿವೇಶನಕ್ಕೆ ತಂದ ಆದೇಶವನ್ನು ಮುಂದಿನ ಮನೆಗೆ ತೋರಿಸಿ ಹೆದರಿಸಿದ್ದನ್ನೂ ನಾನು ನೋಡಿದ್ದೇನೆ. ಆದೇಶ ಅನ್ಯಾಯದ್ದೆನಿಸಿದರೂ ಮುರಿಯಬೇಡಿ. ಮುರಿದರೆ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು. ತೆರವು ಮಾಡಿಸುವ ದಾರಿ ಇರುವಾಗ ಮುರಿಯುವ ಗೊಡವೆ ಬೇಡ.

ಅವರು ಹೀಗೆ ಹೋಗಿ ತರುತ್ತಾರೆಂಬ ಗುಮಾನಿ ಮೊದಲೇ ಇದ್ದರೆ ಇನ್ನೊಂದು ಉಪಾಯವಿದೆ, ಅದರ ಹೆಸರು ಕೇವಿಯೆಟ್. ‘ಇಂಥವರು ನನ್ನ ವಿರುದ್ಧ ಇಂಥ ಅರ್ಜಿ ಹಾಕಬಹುದು, ನನ್ನನ್ನು ಕೇಳದೆ ಆದೇಶ ಮಾಡಬೇಡಿ’ ಎಂದು ಕೋರ್ಟಿಗೆ ಮೊದಲೇ ತಿಳಿಸಿಡುವುದು. ಅದರ ನೋಟೀಸನ್ನು ಅವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು. 90 ದಿನ ಅದರ ಆಯುಷ್ಯ, ಮುಗಿದ ಮೇಲೆ ಮತ್ತೆ ಹಾಕಬೇಕು. ಜಮೀನಿನ ವ್ಯಾಜ್ಯದಲ್ಲಿ ಗಂಡಸರು ಇದನ್ನು ನೀರು ಕುಡಿದಷ್ಟು ಸಲೀಸಾಗಿ ಬಳಸುತ್ತಾರೆ. ಮನೆಯಿಂದ ಹೊರದೂಡಲಿದ್ದಾರೆಂದು ಹೆದರಿದ ಹೆಂಗಸು ಬಳಸಿದ್ದನ್ನು ಕಂಡದ್ದು ಅಪರೂಪ.

ಈಗ ನಾವೇ ಕೇಳುವ ಮಾತಿಗೆ ಬರೋಣ. ತಾತ್ಕಾಲಿಕ ತಡೆಯಾಜ್ಞೆ ಕೇಳಿದಾಗ ನ್ಯಾಯಾಧೀಶರು ಮೂರು ವಿಷಯ ನೋಡುತ್ತಾರೆ. ಮೇಲ್ನೋಟಕ್ಕೆ ಇವಳ ಮಾತಿನಲ್ಲಿ ಹುರುಳಿದೆಯೇ? ಆದೇಶ ಕೊಟ್ಟರೆ ಅವರಿಗಾಗುವ ತೊಂದರೆ ಹೆಚ್ಚೋ, ಕೊಡದಿದ್ದರೆ ಇವಳಿಗಾಗುವ ತೊಂದರೆ ಹೆಚ್ಚೋ? ಇವಳ ನಷ್ಟ ಆಮೇಲೆ ದುಡ್ಡು ಕೊಟ್ಟು ತುಂಬಿಕೊಡುವಂಥದ್ದೇ? ಅರ್ಜಿಯಲ್ಲಿ ‘ನನಗೆ ತುಂಬಾ ಕಷ್ಟವಾಗಿದೆ’ ಎಂದು ಹತ್ತು ಸಲ ಬರೆದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ‘ಈ ತಿಂಗಳ ಇಂಥ ದಿನ ಮನೆ ನೋಡಲು ಇಬ್ಬರು ಬಂದಿದ್ದರು, ಮುಂಗಡ ಪಡೆದಿದ್ದಾರೆ, ಮಾರಿದರೆ ನನಗೂ ಮಗುವಿಗೂ ನೆಲೆಯಿಲ್ಲ’ ಎಂದು ಬರೆದರೆ ಸಿಗುತ್ತದೆ. ಮತ್ತೆ, ಏನನ್ನೂ ಮುಚ್ಚಿಡಬೇಡಿ. ನಡುವೆ ನಾಲ್ಕು ತಿಂಗಳು ತವರಿನಲ್ಲಿದ್ದರೆ ಇದ್ದೆನೆಂದೇ ಹೇಳಿ. ಮೊನ್ನೆ ಮಾವನ ಸುಳ್ಳನ್ನು ಹಿಡಿದ ನಿಯಮವೇ ನಾಳೆ ನಿಮ್ಮನ್ನೂ ಹಿಡಿಯುತ್ತದೆ.

ಸಿವಿಲ್ ಕೋರ್ಟಿನ ದಾರಿ ನಮಗೆ ಯಾವತ್ತೂ ಕಿರಿದೇ. ಅಲ್ಲಿ ಎಲ್ಲಕ್ಕೂ ಮೊದಲ ಪ್ರಶ್ನೆ, ಆಸ್ತಿ ಯಾರ ಹೆಸರಿನಲ್ಲಿದೆ ಎಂದು. ನಮ್ಮ ಹೆಸರಿನಲ್ಲಿ ಏನಿದೆ ಹೇಳಿ? ಅದಕ್ಕೇ ಹಿಂಸೆಗೊಳಗಾದವಳಿಗೆ ನೆಲೆ ಕೊಡುವ ಪ್ರತ್ಯೇಕ ಕಾನೂನು ಬೇಕೆಂದು ಮಹಿಳಾ ಸಂಘಟನೆಗಳು 1990ರ ದಶಕದಲ್ಲಿ ಕೇಳುತ್ತಾ ಬಂದವು. 2005ರಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಆಯಿತು, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಅದರಲ್ಲಿ ‘ತಡೆಯಾಜ್ಞೆ’ ಎಂಬ ಹೆಸರು ಎದ್ದು ಕಾಣುವುದಿಲ್ಲ, ಆದರೆ ಅದರ ಜೀವಾಳ ತಡೆಯಾಜ್ಞೆಯೇ.

18ನೇ ಕಲಮಿನ ಸಂರಕ್ಷಣಾ ಆದೇಶ ಗಂಡನಿಗೆ ಹೇಳುತ್ತದೆ: ಹೊಡೆಯಬೇಡ, ಹೊಡೆಸಬೇಡ, ಅವಳು ಕೆಲಸ ಮಾಡುವ ಜಾಗಕ್ಕೆ, ಮಗುವಿನ ಶಾಲೆಗೆ ಹೋಗಬೇಡ, ಫೋನು ಮಾಡಿ ಕಾಡಬೇಡ, ಸ್ತ್ರೀಧನ ಮಾರಬೇಡ, ಬ್ಯಾಂಕಿನ ಲಾಕರು ತೆಗೆಯಬೇಡ, ಅವಳಿಗೆ ನೆರವಾದವರ ತಂಟೆಗೆ ಹೋಗಬೇಡ. ಈ ಕೊನೆಯದು ನಿಮಗೂ ಸಂಬಂಧಿಸಿದ್ದು. ಗುಂಪಿನ ಅಧ್ಯಕ್ಷೆಯ ಮನೆ ಮುಂದೆ ಕುಡಿದು ಬಂದು ಕೂಗಾಡಿದರೆ ಅದೂ ಇದರೊಳಗೆ ಬರುತ್ತದೆ. 19ನೇ ಕಲಮಿನ ವಾಸದ ಆದೇಶ ಮನೆಯದು: ಅವಳನ್ನು ಹೊರಹಾಕಬೇಡ, ಮನೆ ಮಾರಬೇಡ, ಒತ್ತೆಯಿಡಬೇಡ, ಅವಳಿರುವ ಭಾಗಕ್ಕೆ ಕಾಲಿಡಬೇಡ, ಬೇಕಾದರೆ, ನೀನೇ ಮನೆಯಿಂದ ಹೊರಗಿರು. ಇಲ್ಲವೆಂದರೆ ಅಂಥದೇ ಬೇರೆ ಮನೆ ಮಾಡಿಕೊಡು, ಬಾಡಿಗೆ ಕಟ್ಟು. ‘ನೀನು ಹೊರಗಿರು’ ಎಂದು ಹೆಂಗಸರಿಗೆ, ಅಂದರೆ ಅತ್ತೆ ನಾದಿನಿಯರಿಗೆ, ಹೇಳುವಂತಿಲ್ಲ. ಉಳಿದ ಆದೇಶಗಳನ್ನು ಅವರ ಮೇಲೂ ಕೇಳಬಹುದು. ಗಂಡಸರ ಮೇಲೆ ಮಾತ್ರ ಎಂದಿದ್ದ ಪದವನ್ನು ಸುಪ್ರೀಂ ಕೋರ್ಟು 2016ರಲ್ಲಿ ಹೊಡೆದುಹಾಕಿತು.

ಅರ್ಜಿಯನ್ನು ಮ್ಯಾಜಿಸ್ಟ್ರೇಟರ ಕೋರ್ಟಿಗೆ ಹಾಕಬೇಕು. ನೀವು ಸದ್ಯಕ್ಕೆ ತವರಿನಲ್ಲಿದ್ದರೆ ತವರಿನ ಊರಿನ ಕೋರ್ಟಿಗೇ ಹಾಕಬಹುದು. ಸಂರಕ್ಷಣಾಧಿಕಾರಿಯ ಮೂಲಕವೂ ಆದೀತು. ತಾಲ್ಲೂಕಿನಲ್ಲಿ ನಿಮಗೆ ಅಂಗನವಾಡಿಯಿಂದ ಪರಿಚಯವಿರುವ ಸಿ.ಡಿ.ಪಿ.ಓ. ಅವರೇ ಆ ಅಧಿಕಾರಿ. ಮೂರು ದಿನದೊಳಗೆ ಮೊದಲ ವಾಯಿದೆ, 60 ದಿನದಲ್ಲಿ ಮುಗಿಸಲು ಪ್ರಯತ್ನ ಎಂದು ಕಾಯ್ದೆ ಹೇಳುತ್ತದೆ. ನಮ್ಮ ಕೋರ್ಟುಗಳ ಅರವತ್ತು ದಿನ ಎಷ್ಟು ಉದ್ದವೆಂದು ಹೋದವರಿಗೆ ಗೊತ್ತು. ಅದಕ್ಕಾಗಿಯೇ 23ನೇ ಕಲಮಿನಲ್ಲಿ ಮಧ್ಯಂತರ ಆದೇಶವನ್ನು, ಅಗತ್ಯವಿದ್ದರೆ ಏಕಪಕ್ಷೀಯವಾಗಿ, ಮೊದಲ ದಿನವೇ ಕೇಳಬೇಕು. ಬರೆದು ಕೇಳದಿದ್ದರೆ ಕೊಡುವುದಿಲ್ಲ. ಆದೇಶದ ನಕಲನ್ನು ಕೋರ್ಟು ಉಚಿತವಾಗಿ ಕೊಡಬೇಕು, ಠಾಣೆಗೂ ಕಳಿಸಬೇಕು. ಸಂರಕ್ಷಣಾ ಆದೇಶವನ್ನು ಮುರಿದರೆ ಅದೇ ಒಂದು ಅಪರಾಧ: ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸಿವಿಲ್ ಆದೇಶ ಮುರಿದರೆ ಠಾಣೆಯಲ್ಲಿ “ಸಿವಿಲ್ ಮ್ಯಾಟರು, ಕೋರ್ಟಿಗೇ ಹೋಗಮ್ಮ” ಎನ್ನುತ್ತಾರೆ, ಪೊಲೀಸ್ ನೆರವಿಗೆ ಮತ್ತೊಂದು ಅರ್ಜಿ ಹಾಕಬೇಕಾಗುತ್ತದೆ. ಸಂರಕ್ಷಣಾ ಆದೇಶದ ಮುಂದೆ ಆ ಮಾತು ನಡೆಯುವುದಿಲ್ಲ. ಹಾಗಾಗಿ ವಾಸದ ಆದೇಶವೊಂದನ್ನೇ ಕೇಳಿ ಸುಮ್ಮನಾಗದೆ ಎರಡನ್ನೂ ಕೇಳಿ ಎಂದು ನಾನು ಹೇಳುವುದು.

ಈ ಕಾಯ್ದೆ ಬಂದ ಎರಡೇ ತಿಂಗಳಿಗೆ, 2006ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟು ಅದರ ಕಾಲು ಮುರಿಯಿತು. ಅತ್ತೆಯ ಹೆಸರಿನಲ್ಲಿರುವ ಮನೆ ಸೊಸೆಗೆ ‘ಹಂಚಿಕೊಂಡ ಮನೆ’ ಆಗುವುದಿಲ್ಲ, ಗಂಡನ ಸ್ವಂತದ್ದೋ ಬಾಡಿಗೆಯದೋ ಅವಿಭಕ್ತ ಕುಟುಂಬದ್ದೋ ಆಗಿರಬೇಕು ಎಂದಿತು. ಆಮೇಲೆ ಮನೆ ಮನೆಗಳಲ್ಲಿ ನಡೆದದ್ದೇನು? ಮಗನ ದುಡ್ಡಿನಲ್ಲಿ ಕಟ್ಟಿದ ಮನೆಯೂ ತಾಯಿಯ ಹೆಸರಿಗೆ ಹೋಯಿತು. 14 ವರ್ಷ ನಮ್ಮ ಹೆಣ್ಣುಮಕ್ಕಳು ಆ ಒಂದು ತೀರ್ಪಿನ ಅಡಿಯಲ್ಲಿ ಬೀದಿಗೆ ಬಿದ್ದರು. 2020ರ ಅಕ್ಟೋಬರ್ 15ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಪ್ಪೆಂದು ತಳ್ಳಿಹಾಕಿತು. ಗಂಡನ ಬಂಧುಗಳ ಹೆಸರಿನಲ್ಲಿದ್ದರೂ ಅವಳು ಸಂಸಾರ ಮಾಡಿದ ಮನೆ ಹಂಚಿಕೊಂಡ ಮನೆಯಾಗಬಹುದು, ಸುಮ್ಮನೆ ಬಂದು ಹೋಗಿದ್ದಲ್ಲ, ನೆಲೆಯಾಗಿ ಬಾಳಿದ ಮನೆಯಾಗಿರಬೇಕು ಎಂದಿತು. ಹಾಗೆಂದು ಇದು ಮನೆಯ ಒಡೆತನವಲ್ಲ, ಮುದುಕರಾದ ಅತ್ತೆ ಮಾವಂದಿರ ಹಿತವನ್ನೂ ಕೋರ್ಟು ನೋಡಬೇಕು ಎಂದೂ ಹೇಳಿತು. ಅದು ಸರಿಯೇ. ನಾವೂ ನಾಳೆ ಅತ್ತೆಯರೇ.

ಅದೇ ವರ್ಷ ಡಿಸೆಂಬರ್ 15ರಂದು ನಮ್ಮ ಬೆಂಗಳೂರಿನದೇ ಇನ್ನೊಂದು ಪ್ರಕರಣ ತೀರ್ಮಾನವಾಯಿತು. ಹಿರಿಯ ನಾಗರಿಕರ ಕಾಯ್ದೆಯ ಕೆಳಗೆ ಅರ್ಜಿ ಹಾಕಿ ಸೊಸೆಯನ್ನು ಬಿಡಿಸುವ ಆದೇಶ ತಂದಿದ್ದರು, ಹೈಕೋರ್ಟೂ ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿ, ಒಂದು ಕಾಯ್ದೆಯನ್ನು ಹಿಡಿದು ಇನ್ನೊಂದು ಕಾಯ್ದೆಯ ಹಕ್ಕನ್ನು ಹೊಸಕಿಹಾಕುವಂತಿಲ್ಲ ಎಂದಿತು. ಆಕೆ ತನ್ನ ಹಕ್ಕನ್ನು ಕೇಳಿಕೊಳ್ಳಲು ಒಂದು ವರ್ಷ ಕಾಲ ಕೊಟ್ಟು, ಅಷ್ಟರವರೆಗೆ ಬಲವಂತದಿಂದ ಹೊರಹಾಕಬಾರದು, ಮನೆಯನ್ನು ಬೇರೆಯವರಿಗೆ ಮಾಡಬಾರದು ಎಂದು ಕಟ್ಟು ಹಾಕಿತು. ನೋಡಿ, ದೇಶದ ಅತಿ ದೊಡ್ಡ ಕೋರ್ಟು ಕೊಟ್ಟದ್ದೂ ಒಂದು ತಾತ್ಕಾಲಿಕ ತಡೆಯೇ. ಉಸಿರಾಡಲು ಸಿಕ್ಕ ಸಮಯ ಅದು.

ಎರಡನೇ ಮದುವೆಯ ಮಾತು. ಆದ ಮೇಲೆ ಜೈಲಿಗೆ ಹಾಕಿಸುವ ಕಾನೂನು ಎಲ್ಲರಿಗೂ ಗೊತ್ತು, ಆಗದಂತೆ ತಡೆಸಬಹುದೆಂದು ಗೊತ್ತಿಲ್ಲ. ಒಂದೇ ಮದುವೆಯ ಕಾನೂನಿಗೆ ಒಳಪಟ್ಟ ಗಂಡ ಹೆಂಡತಿ ಇರುವಾಗಲೇ ಮತ್ತೊಂದಕ್ಕೆ ಹೊರಟರೆ, ಹೆಂಡತಿ ತಡೆಯಾಜ್ಞೆ ಕೇಳಬಹುದೆಂದು ನಮ್ಮ ಮೈಸೂರು ಹೈಕೋರ್ಟು ಹೇಳಿ ಅರವತ್ತು ವರ್ಷವಾಯಿತು, 1964ರ ವರದಿಗಳಲ್ಲಿದೆ. ಈಗ ಕುಟುಂಬ ನ್ಯಾಯಾಲಯಗಳಿಗೂ ದಾಂಪತ್ಯದಿಂದ ಹುಟ್ಟಿದ ವಿಷಯಗಳಲ್ಲಿ ತಡೆಯಾಜ್ಞೆ ಕೊಡುವ ಅಧಿಕಾರವಿದೆ. ಲಗ್ನಪತ್ರಿಕೆಯೋ ಛತ್ರದ ರಸೀದಿಯೋ ಕೈಗೆ ಸಿಕ್ಕರೆ ಅಳುತ್ತಾ ಕೂರದೆ ಅದನ್ನು ಹಿಡಿದು ನಡೆಯಿರಿ.

ಮದುವೆ ತಡೆಯುವುದರಲ್ಲಿ ನಿಮ್ಮಂಥ ಗುಂಪುಗಳು ನೇರವಾಗಿ ಮಾಡಬಹುದಾದ ಕೆಲಸ ಬಾಲ್ಯವಿವಾಹದ್ದು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 13ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು. ಇದನ್ನು ಕೇಳಲು ನೀವು ಹುಡುಗಿಯ ಬಂಧುವೇ ಆಗಬೇಕಾಗಿಲ್ಲ. ವಿಷಯ ತಿಳಿದ ಯಾರಾದರೂ ದೂರು ಕೊಡಬಹುದು, ಬಾಲ್ಯವಿವಾಹ ನಿಷೇಧಾಧಿಕಾರಿ ಅರ್ಜಿ ಹಾಕಬಹುದು, ನಂಬತಕ್ಕ ಮಾಹಿತಿ ಸಿಕ್ಕರೆ ಮ್ಯಾಜಿಸ್ಟ್ರೇಟರು ತಾವೇ ಎತ್ತಿಕೊಳ್ಳಬಹುದು. ಮುಹೂರ್ತ ಹತ್ತಿರವಿದ್ದರೆ ನೋಟೀಸಿಲ್ಲದೆ ಮಧ್ಯಂತರ ಆದೇಶ. ಮುರಿದವರಿಗೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ, ಹೆಂಗಸರಿಗೆ ಜೈಲಿಲ್ಲ. ತಡೆಯಾಜ್ಞೆಯನ್ನು ಮೀರಿ ತಾಳಿ ಕಟ್ಟಿದರೆ ಆ ಮದುವೆ ಮೊದಲಿಂದಲೇ ಮದುವೆಯಲ್ಲ. ನಮ್ಮ ರಾಜ್ಯದಲ್ಲಂತೂ 2016ರ ತಿದ್ದುಪಡಿ ಬಾಲ್ಯವಿವಾಹವನ್ನೇ ಮೊದಲಿಂದ ಅಸಿಂಧು ಎಂದಿದೆ. ಆದರೂ ತಡೆಯಾಜ್ಞೆ ಬೇಕು, ಯಾಕೆಂದರೆ ಅಸಿಂಧುವಾದ ಮದುವೆಯ ರಾತ್ರಿಯನ್ನೂ ಆ ಮಗುವೇ ಅನುಭವಿಸಬೇಕು. 1098ಕ್ಕೆ ಫೋನು ಮಾಡುವಾಗ ಹುಡುಗಿಯ ಶಾಲೆಯ ಹೆಸರನ್ನೂ ಹೇಳಿ. ವಯಸ್ಸಿನ ದಾಖಲೆ ಅಲ್ಲಿರುತ್ತದೆ, ಅದಿದ್ದರೆ ಕೆಲಸ ಬೇಗ ಆಗುತ್ತದೆ.

ತವರಿನ ಆಸ್ತಿಯ ವಿಷಯ ದೊಡ್ಡದು, ಇವತ್ತು ತುದಿ ಮಾತ್ರ ಮುಟ್ಟುತ್ತೇನೆ. 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಪಿತ್ರಾರ್ಜಿತದಲ್ಲಿ ಹಿಂದೂ ಹೆಣ್ಣುಮಗಳಿಗೆ ಹುಟ್ಟಿನಿಂದಲೇ ಪಾಲು. ಪಾಲಿನ ದಾವೆ ಹಾಕಿದಾಗ ಅಣ್ಣತಮ್ಮಂದಿರು ಜಮೀನು ಮಾರದಂತೆ ತಡೆಯಾಜ್ಞೆ ಕೇಳಬಹುದು. ಆದೇಶದ ನಕಲನ್ನು ಉಪನೋಂದಣಾಧಿಕಾರಿ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ದಾವೆ ನಡೆಯುವಾಗ ಕದ್ದು ಮಾರಿದರೂ ಕೊಂಡವನು ತೀರ್ಪಿಗೆ ಕಟ್ಟುಬೀಳುತ್ತಾನೆ. ಆದರೆ ‘ಅಣ್ಣ ಹೊಲಕ್ಕೇ ಇಳಿಯಬಾರದು’ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದಿಲ್ಲ, ಅವನೂ ಪಾಲುದಾರ. ನಿಮ್ಮ ಹಕ್ಕನ್ನೇ ಅವರು ಅಲ್ಲಗಳೆದಾಗ ಬರೀ ತಡೆಯಾಜ್ಞೆಯ ದಾವೆ ಸಾಲದು, ಹಕ್ಕಿನ ಘೋಷಣೆಯನ್ನೂ ಕೇಳಬೇಕೆಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಖರ್ಚು ಕಡಿಮೆಯೆಂದು ತಡೆಯಾಜ್ಞೆ ಒಂದನ್ನೇ ಹಾಕಿ ಹತ್ತು ವರ್ಷದ ಮೇಲೆ ಸೋತವರಿದ್ದಾರೆ. ವಕೀಲರನ್ನು ಈ ಒಂದು ಪ್ರಶ್ನೆ ಕೇಳಿಯೇ ಸಹಿ ಹಾಕಿ.

ಒಬ್ಬ ತಾಯಿ ನನ್ನನ್ನು ಕೇಳಿದ್ದರು: “ಮೇಡಂ, ನಾನು ಪೊಲೀಸು ಕಂಪ್ಲೇಂಟು ಕೊಡದ ಹಾಗೆ ಅವರು ಸ್ಟೇ ತರ್ತಾರಂತೆ, ಹೌದಾ?” ಇಲ್ಲ. ಕ್ರಿಮಿನಲ್ ವಿಷಯದಲ್ಲಿ ಒಬ್ಬರು ದೂರು ಕೊಡುವುದನ್ನು, ಮೊಕದ್ದಮೆ ನಡೆಸುವುದನ್ನು ಇಂಜಂಕ್ಷನ್ನಿನಿಂದ ತಡೆಯುವಂತಿಲ್ಲ ಎಂದು 1963ರ ಕಾಯ್ದೆಯ 41ನೇ ಕಲಮಿನಲ್ಲೇ ಬರೆದಿದೆ. ಹೀಗೆ ಹೆದರಿಸಿದರೆ, ಆ ಕಲಮು ಓದಿ ಬನ್ನಿ ಎನ್ನಿ.

ಆದೇಶದ ಕಾಗದ ರಾತ್ರಿ ಹನ್ನೊಂದಕ್ಕೆ ಬಾಗಿಲು ಒದೆಯುವ ಕಾಲನ್ನು ತಾನೇ ಹಿಡಿಯುವುದಿಲ್ಲ. ಆದೇಶ ಸಿಕ್ಕ ದಿನವೇ ನಕಲನ್ನು ಠಾಣೆಗೆ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಒಂದು ನಕಲು ನಿಮ್ಮ ಗುಂಪಿನ ಕಡತದಲ್ಲಿರಲಿ. ನಡಾವಳಿ ಪುಸ್ತಕದಲ್ಲಿ ಮುಂದಿನ ವಾಯಿದೆಯ ದಿನಾಂಕ ಬರೆದಿಡಿ, ಅವತ್ತು ಅವಳ ಜೊತೆಗೆ ಯಾರು ಹೋಗುವವರೆಂದೂ ಬರೆಯಿರಿ. ಕಂತು ಕಟ್ಟದವರ ಹೆಸರನ್ನು ತಪ್ಪದೆ ಬರೆಯುವ ಪುಸ್ತಕ ಅದು, ಇದೂ ಬರೆಯಿಸಿಕೊಳ್ಳುತ್ತದೆ. ಮುರಿದ ದಿನ, ಹೊತ್ತು, ಆಡಿದ ಮಾತು, ನೋಡಿದವರ ಹೆಸರು ಅವತ್ತೇ ಬರೆದಿಟ್ಟರೆ ಆಮೇಲೆ ಸಾಕ್ಷಿ ಕಟ್ಟೆಯಲ್ಲಿ ತಡವರಿಸಬೇಕಾಗಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲವೆನ್ನುವ ಮಾತು ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಣ್ಣೆಂಬ ಒಂದೇ ಕಾರಣಕ್ಕೆ, ಆದಾಯ ಎಷ್ಟೇ ಇರಲಿ, ನಿಮಗೆ ಉಚಿತ ವಕೀಲರು ಸಿಗಬೇಕು. ಸಮಿತಿಯ ಕಚೇರಿ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುತ್ತದೆ. ಫೋನು 15100. ಹೊಡೆತ ಬಡಿತದ ತುರ್ತಿಗೆ 181.

ನನ್ನ ಒಂದು ಗಂಟೆ ಆಗಲೇ ದಾಟಿದೆ. ಮನೆಯಿಂದ ಕಾಗದ ತಂದವರು ಇದ್ದೀರೆಂದು ನಿಮ್ಮ ಅಧ್ಯಕ್ಷೆ ಹೇಳಿದರು. ಎಲ್ಲರ ಮುಂದೆ ತೋರಿಸಲು ಸಂಕೋಚವಿದ್ದರೆ ಬೇಡ, ಆ ಕಿಟಕಿಯ ಪಕ್ಕದ ಮೇಜಿನ ಹತ್ತಿರ ಒಬ್ಬೊಬ್ಬರೇ ಬನ್ನಿ, ಕೂತು ಓದೋಣ. ಹಿಂದಿನ ಸಾಲಿನಲ್ಲಿ ಕಂಕುಳ ಕೂಸಿನ ತಾಯಿ ಆಗಿನಿಂದ ಕೈ ಎತ್ತಿದ್ದಾರೆ. ಮೊದಲು ನೀವು ಬನ್ನಿ ತಾಯಿ.